ಸಿರಿಂಜ್ ಬಚ್ಚಿಟ್ಟರೆ ಎಚ್‌ಐವಿ ಹೋಗುತ್ತದೆಯೇ?

ಮಾನ್ಯ ಸಂಪಾದಕರೇ,

ಮಾದಕ ವ್ಯಸನಿಗಳ ಕೈಗೆ ಸಿಗಬಾರದೆಂದು ಮಿಜೋರಾಂ ರಾಜಧಾನಿ ಐಜ್ವಾಲ್‌ನಲ್ಲಿ ಅಧಿಕಾರಿಗಳು ದಾಳಿ ಮಾಡಿ ಸಿರಿಂಜ್ ವಶಪಡಿಸಿಕೊಂಡ ವರದಿ ಓದಿದೆ. ಮೇಜಿನ ಮೇಲೆ ಸಿರಿಂಜ್ ಸಾಲಾಗಿ ಜೋಡಿಸಿ ಹಿಂದೆ ನಿಂತ ಸಾಹೇಬರ ಫೋಟೊ ಚೆನ್ನಾಗಿ ಬಂದಿದೆ. ಅದರ ಫಲ ನಿನ್ನೆ ಸಂಜೆ ನಾನು ಉಂಡೆ.

ನಾನು ಧಾರವಾಡದವನು, ಬ್ಯಾಂಕ್ ವರ್ಗಾವಣೆಯ ದೆಸೆಯಿಂದ ಇಲ್ಲಿದ್ದೇನೆ. ಜೊತೆಗಿರುವ ಅವ್ವಗೆ ಎರಡು ಹೊತ್ತು ಇನ್ಸುಲಿನ್ ಬೇಕು. ಚಾನ್ಮಾರಿಯ ಮೆಡಿಕಲ್ ಶಾಪಿನಲ್ಲಿ ಇನ್ಸುಲಿನ್ ಕೊಟ್ಟರು, ಸಿರಿಂಜ್ ಕೇಳಿದರೆ ‘ಇಲ್ಲ’. ಹಿಂದಿನ ಕಪಾಟಿನಲ್ಲಿ ಕೆಂಪು ಮುಚ್ಚಳದವು ಕಾಣುತ್ತಲೇ ಇದ್ದವು! ಡಾಕ್ಟರ ಚೀಟಿ ತೋರಿಸಿದೆ. ಕೌಂಟರಿನ ಹುಡುಗ ಚೀಟಿ ನೋಡಲಿಲ್ಲ, ಚುಚ್ಚಿಕೊಂಡ ಗುರುತಿದೆಯೇ ಎಂದು ನನ್ನ ಮೊಣಕೈ ಒಳಭಾಗ ನೋಡಿದ. ತಲೆ ಬೋಳಾಗಿ, ನಿವೃತ್ತಿ ಹತ್ತಿರ ಬಂದವನಿಗೆ ಈ ಮರ್ಯಾದೆ. ಆಮೇಲೆ ಮಳೆಯಲ್ಲಿ ಈ ಊರಿನ ಮೆಟ್ಟಿಲು ಹತ್ತಿ ಇಳಿದು ಅಂಗಡಿ ಅಂಗಡಿ ತಿರುಗಿದ್ದಷ್ಟೇ ಬಂತು. ಛತ್ರಿ ಮುರಿಯಿತು, ಮಂಡಿ ಹಿಡಿಯಿತು, ಅವ್ವ ಊಟ ಮುಟ್ಟದೆ ಕೂತಿದ್ದಳು. ಕೊನೆಗೆ ಮೇಲಿನ ಮನೆಯ ನರ್ಸಮ್ಮ ಒಂದು ಸಿರಿಂಜ್ ಕೊಟ್ಟು ಪುಣ್ಯ ಕಟ್ಟಿಕೊಂಡರು.

ನನಗೆ ನರ್ಸಮ್ಮ ಇದ್ದರು. ‘ನಂಬರ್ ಫೋರ್’ ಎಂದು ಇಲ್ಲಿ ಕರೆಯುವ ಹೆರಾಯಿನ್ ಚುಚ್ಚಿಕೊಳ್ಳುವ ಹುಡುಗರಿಗೆ ಯಾರಿದ್ದಾರೆ? ಅಂಗಡಿಯಲ್ಲಿ ಸಿಗದಿದ್ದರೆ ಪಕ್ಕದವನದ್ದೇ ಸೂಜಿ. ಅವನ ರಕ್ತ ಅದರಲ್ಲೇ ಉಳಿದಿರುತ್ತದೆ. ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಕೂಡ ಎಲ್ಲರಿಗೂ ಒಂದೇ. ಜೇಬಿನಲ್ಲಿ ಸ್ವಂತ ಸಿರಿಂಜ್ ಇಟ್ಟುಕೊಂಡರೆ ಸಿಕ್ಕಿಬೀಳುವ ಭಯ, ಹಾಗಾಗಿ ಕತ್ತಲಲ್ಲಿ ಅವಸರದಲ್ಲಿ ಸಿಕ್ಕಿದ್ದನ್ನೇ ಚುಚ್ಚಿಕೊಂಡು ಓಡುತ್ತಾರೆ. ಎಚ್‌ಐವಿ ಜೊತೆಗೆ ಹೆಪಟೈಟಿಸ್ ಸಿ ಉಚಿತ. ಅಲ್ಲಿಂದ ಮನೆಗೆ, ಏನೂ ಅರಿಯದ ಹೆಂಡತಿಗೆ. ಮಿಜೋರಾಂ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ 2.7ರ ಆಸುಪಾಸು, ದೇಶದ್ದು ಶೇ 0.2. ಇಡೀ ದೇಶಕ್ಕೆ ಮೊದಲ ಸ್ಥಾನ, ಸನ್ಮಾನ ಮಾಡಿಸಿಕೊಳ್ಳಲಿ!

ಮ್ಯಾನ್ಮಾರ್ ಕಡೆಗೆ ಈ ರಾಜ್ಯಕ್ಕೆ 510 ಕಿ.ಮೀ. ಗಡಿ. ಚಂಫಾಯ್ ಆಚೆ ಝೋಖಾವ್ತಾರ್ ಬಳಿ ಟಿಯಾವ್ ಹೊಳೆ ದಾಟಿ ಬರುವ ಹೆರಾಯಿನ್‌ಗೆ ಯಾರ ಚೀಟಿಯೂ ಬೇಡ. ನಮ್ಮ ಅವ್ವನ ಸಿರಿಂಜಿಗೆ ಮಾತ್ರ ಬಂದೋಬಸ್ತು.

ಇನ್ನೂ ತಮಾಷೆ ಎಂದರೆ, ಶುದ್ಧ ಸೂಜಿ ಹಂಚುವುದೂ ಹೆರಾಯಿನ್ ಚುಚ್ಚಿಕೊಳ್ಳುವ ಬದಲಿಗೆಂದು ಬ್ಯೂಪ್ರೆನಾರ್ಫಿನ್ ಮಾತ್ರೆ ಕೊಡುವುದೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯದೇ ಕಾರ್ಯಕ್ರಮ. ಸೋಂಕು ತಡೆಯಲು ಸೂಜಿ ಕೊಡುವುದು ಅಪರಾಧವಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಸರ್ಕಾರವೇ ಕೊಡುತ್ತದೆ, ಸರ್ಕಾರವೇ ಕಸಿಯುತ್ತದೆ. ಕಾಯ್ದೆ ಓದಲು ಸಾಹೇಬರಿಗೆ ಪುರುಸೊತ್ತೆಲ್ಲಿ? ಪಕ್ಕದ ಮಣಿಪುರ ಸೂಜಿ ವಿನಿಮಯವನ್ನು (ಬಳಸಿದ್ದು ಪಡೆದು ಹೊಸದು ಕೊಡುವುದನ್ನು) 1996ರಲ್ಲೇ ತನ್ನ ಏಡ್ಸ್ ನೀತಿಯಲ್ಲಿ ಒಪ್ಪಿಕೊಂಡಿತ್ತು. ಇಲ್ಲಿ 1990ರ ದಶಕದಲ್ಲಿ ಹುಡುಗರು ನೋವಿನ ಕ್ಯಾಪ್ಸೂಲ್ ಬಿಚ್ಚಿ, ಸರಿಯಾಗಿ ಕರಗದ ಆ ಪುಡಿಯನ್ನೇ ಚುಚ್ಚಿಕೊಂಡು ಕೈಕಾಲು ಕೀವು ಮಾಡಿಕೊಂಡರು. ಅದರಲ್ಲಿದ್ದ ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಔಷಧವನ್ನು ಕೇಂದ್ರ ನಿಷೇಧಿಸಿದ್ದು 2013ರಲ್ಲಿ. ಆಗಲೂ ಮಲಗಿದ್ದರು, ಈಗಲೂ ಅಷ್ಟೆ.

ಮಲಗುವುದು ಬರೀ ಇದೊಂದರಲ್ಲಲ್ಲ. ನಲ್ಲಿಯಲ್ಲಿ ನೀರು ಬರುವುದು ಅವರ ಮನಸ್ಸಿಗೆ ಬಂದ ದಿನ. ಇವರಿಗೂ ನಮ್ಮ ಹುಬ್ಬಳ್ಳಿ-ಧಾರವಾಡದ ನೀರಿನ ಸಾಹೇಬರಿಗೂ ಬೀಗತನವಿರಬೇಕು. ಗುಡ್ಡ ಜರಿದ ರಸ್ತೆಯ ಮಣ್ಣು ಅಲ್ಲೇ ಬಿದ್ದಿದೆ. ಅವ್ವನನ್ನು ನೋಡಲು ಬಂದ ತಂಗಿಗೆ ಹೊರಗಿನವರು ಈ ರಾಜ್ಯಕ್ಕೆ ಬರಲು ಬೇಕಾದ ಪರ್ಮಿಟ್‌ನ ಅರ್ಜಿ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆದದ್ದನ್ನು ಬರೆದರೆ ನಿಮ್ಮ ಪುಟ ಸಾಲದು.

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ಸಕ್ಕರೆ ಕಾಯಿಲೆಯವರಿಗೆ ಸಿರಿಂಜ್ ಸಿಗಬೇಕು, ಆ ಹುಡುಗರಿಗೂ ಸಿಗಬೇಕು, ಹೆರಾಯಿನ್ ಸಿಗಬಾರದು. ನೀರೂ ಬಿಡಲಿ. ಇಷ್ಟೂ ಆಗದವರು ತಿಂಗಳಾ ತಿಂಗಳಾ ಪಗಾರ ಯಾವ ಮುಖ ಇಟ್ಟುಕೊಂಡು ಎಣಿಸುತ್ತಾರೋ!

– ನೊಂದ ಧಾರವಾಡಿಗ, ಐಜ್ವಾಲ್