ಸ್ಯಾಡಲ್ ಉಜ್ಜುವ ಮುಂಚೆ ನೆಕ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಹಳೆಯ ಅಕೌಸ್ಟಿಕ್ ಗಿಟಾರ್ ರಿಪೇರಿಯಲ್ಲಿ ಪದೇ ಪದೇ ಆಗುವ ಒಂದು ತಪ್ಪಿನ ಬಗ್ಗೆ ಬರೆಯುತ್ತಿದ್ದೇನೆ. ತಂತಿ ಎತ್ತರವಾಗಿದೆ, ಒತ್ತಿದರೆ ಬೆರಳು ನೋಯುತ್ತದೆ ಅಂತ ರಿಪೇರಿಗೆ ಒಯ್ದರೆ ಎಷ್ಟೋ ಸಲ ಮೊದಲು ಮಾಡುವುದೇ ಸ್ಯಾಡಲ್ (ಬಾಡಿಯ ಮೇಲೆ ತಂತಿಗಳಿಗೆ ಆಸರೆಯಾಗಿರುವ ಸಣ್ಣ ಪಟ್ಟಿ) ಉಜ್ಜಿ ತಗ್ಗಿಸುವ ಕೆಲಸ. ನನ್ನ ಗಿಟಾರಿಗೂ ಹಾಗೇ ಮಾಡಿದರು. ಎರಡು ವರ್ಷದಲ್ಲಿ ತಂತಿ ಮತ್ತೆ ಎದ್ದಿತು. ಈ ಸಲ ಉಜ್ಜೋಕೆ ಸ್ಯಾಡಲ್ಲೇ ಉಳಿದಿರಲಿಲ್ಲ, ಸದ್ದೂ ಸೊರಗಿಹೋಗಿತ್ತು.

ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕಿಲೋ ತೂಕದಷ್ಟು ಬಲದಲ್ಲಿ ಎಳೆಯುತ್ತವೆ, ಅದೂ ಹಗಲು ರಾತ್ರಿ, ವರ್ಷಗಟ್ಟಲೆ. ನೆಕ್ (ಗಿಟಾರಿನ ಉದ್ದನೆಯ ಹಿಡಿ) ಬುಡದಲ್ಲಿ ನಿಧಾನವಾಗಿ ಮುಂದಕ್ಕೆ ವಾಲುತ್ತದೆ, ಬ್ರಿಡ್ಜ್ (ಸ್ಯಾಡಲ್ ಕೂರುವ, ಬಾಡಿಗೆ ಅಂಟಿಸಿದ ಮರದ ತುಂಡು) ಹಿಂದೆ ಮೇಲ್ಹಲಗೆ ಉಬ್ಬುತ್ತದೆ. ಸ್ಯಾಡಲ್ ತಗ್ಗಿಸಿದರೆ ಇದು ಕಾಣದಂತೆ ಮುಚ್ಚಿಹೋಗುತ್ತದೆ, ಅಷ್ಟೇ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೊದಲು ಒಂದು ತಂತಿಯನ್ನು 1ನೇ ಫ್ರೆಟ್ (ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಮತ್ತು ನೆಕ್ ಬಾಡಿಗೆ ಸೇರುವ 14ನೇ ಫ್ರೆಟ್ ಹತ್ತಿರ ಒತ್ತಿ ಹಿಡಿಯಿರಿ. ನಡುವೆ, 7ನೇ ಫ್ರೆಟ್ಟಿಗೂ ತಂತಿಗೂ ಮಧ್ಯೆ, 0.2ರಿಂದ 0.3 ಮಿಲಿಮೀಟರ್ ಸಂದು ಇದ್ದರೆ ಸಾಕು. ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ಕಿನೊಳಗಿನ ಲೋಹದ ಸರಳು) ತಿರುಗಿಸಿ ಸರಿ ಮಾಡಿ, ಆದರೆ ಒಮ್ಮೆಗೇ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ನೆಕ್ ನೇರವಾದ ಮೇಲೆ ಉದ್ದನೆಯ ಸ್ಕೇಲನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜ್ ಕಡೆಗೆ ಸರಿಸಿ. ಅದರ ತುದಿ ಬ್ರಿಡ್ಜಿನ ಮೇಲ್ಭಾಗಕ್ಕೆ ತಾಗಬೇಕು. ತುಂಬಾ ಕೆಳಗೆ, ಬ್ರಿಡ್ಜಿನ ಮುಂಬದಿಗೆ ಬಡಿದರೆ ನೆಕ್ ಕೋನವೇ ಕೆಟ್ಟಿದೆ ಅಂತ ಅರ್ಥ. ಟ್ರಸ್ ರಾಡ್ ನೆಕ್ಕಿನ ಬಾಗು ತಿದ್ದುತ್ತದೆ, ಈ ಕೋನವನ್ನಲ್ಲ. ಅದಕ್ಕೆ ನೆಕ್ ಬಿಡಿಸಿ ಮತ್ತೆ ಕೂರಿಸಬೇಕು. ಬೋಲ್ಟ್ ಹಾಕಿದ್ದರೆ ಸುಲಭ, ಅಂಟಿಸಿದ್ದರೆ ಆವಿ ಬಿಟ್ಟು ಬಿಡಿಸಬೇಕು. ದೊಡ್ಡ ಕೆಲಸ ನಿಜ, ಆದರೆ ಕಾಯಿಲೆಗೆ ಸರಿಯಾದ ಔಷಧಿ ಅದೇ.

ಬ್ರಿಡ್ಜ್ ಹಿಂದಿನ ಅಂಚಿಗೆ ತೆಳುವಾದ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಅಂಟು ಬಿಡುತ್ತಿದೆ. ತಂತಿ ತಕ್ಷಣ ಸಡಿಲ ಮಾಡಿ, ಸುಮ್ನೆ ಸೂಪರ್ ಗ್ಲೂ ಸುರಿಯಬೇಡಿ ದಯವಿಟ್ಟು, ಮುಂದೆ ಅದನ್ನು ಕೆರೆದು ತೆಗೆಯುವವನಿಗೆ ಮರವೂ ಜೊತೆಗೇ ಕಿತ್ತು ಬರುತ್ತದೆ. ಫ್ರೆಟ್ ಸವೆದು ಗುಣಿ ಬಿದ್ದಿರುವುದು ಇದರ ಮುಂದೆ ಚಿಕ್ಕ ಕೆಲಸ.

ರಿಪೇರಿ ಮಾಡುವವರಲ್ಲಿ ನನ್ನ ಬೇಡಿಕೆ ಒಂದೇ. ಸ್ಯಾಡಲ್ ಉಜ್ಜುವ ಮುಂಚೆ ಆ ಸ್ಕೇಲ್ ಇಟ್ಟು ಗಿಟಾರಿನವರಿಗೆ ತೋರಿಸಿ. ಎರಡು ನಿಮಿಷದ ಕೆಲಸ, ಅಲ್ವಾ?

ಇಂತಿ,
ಒಬ್ಬ ಓದುಗ