ಬಾಣಂತಿಯ ತಟ್ಟೆಗೆ ಮುದ್ದೆ, ಬೇಳೆಯೂ ಬರಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಮ್ಮ ಬೀದಿಯ ಒಂದು ಮನೆಗೆ ಬಾಣಂತಿ, ಮಗು ನೋಡಲು ಹೋಗಿದ್ದೆ. ಹೆರಿಗೆಯಾಗಿ ಇಪ್ಪತ್ತು ದಿನ. ತಟ್ಟೆಯಲ್ಲಿ ಮಲ್ಲಿಗೆ ಹೂವಿನಂಥ ಬಿಳಿ ಅನ್ನ, ಮೇಲೆ ಮೆಣಸು ಬೆಳ್ಳುಳ್ಳಿಯ ತಿಳಿಸಾರು, ಒಂದು ಚಮಚ ತುಪ್ಪ. ಅಷ್ಟೇ. ಬೇಳೆ ವಾಯು, ಸೊಪ್ಪು ನಂಜು, ಮುದ್ದೆ ಭಾರ ಅಂತ ಮೂರು ತಿಂಗಳು ಇದೇ ಊಟವಂತೆ. ಅಜ್ಜಿ ಅನ್ನ ಮಾಡುವುದನ್ನೂ ನೋಡಿದೆ. ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ನಾಲ್ಕು ಸಲ ಉಜ್ಜಿ ತೊಳೆದರು. ಬೆಂದ ಮೇಲೆ ಗಂಜಿ ಬಸಿದು ಕಲಗಚ್ಚಿನ ಬಕೆಟ್ಟಿಗೆ ಸುರಿದರು. ಮೊಮ್ಮಗಳ ಮೇಲಿನ ಅಕ್ಕರೆಯಿಂದಲೇ ಇಷ್ಟೆಲ್ಲ ಮಾಡುತ್ತಿದ್ದರು. ನನಗೆ ಮಾತ್ರ ಎದೆ ಝಲ್ ಎಂದಿತು.

ಕಾರಣ, ಬಿ1 ಜೀವಸತ್ವ. ಥಯಾಮಿನ್ ಅಂತಲೂ ಕರೆಯುತ್ತಾರೆ. ಅಕ್ಕಿಯಲ್ಲಿ ಇದು ಹೆಚ್ಚಾಗಿ ಇರುವುದು ಹೊರಪದರ ಮತ್ತು ಮೊಳಕೆಯ ಕಣ್ಣಿನಲ್ಲಿ. ಮಿಲ್ಲಿನಲ್ಲಿ ಪಾಲಿಶ್ ಮಾಡಿದಾಗ ಅದು ತೌಡಿನ ಜೊತೆ ಹೋಗುತ್ತದೆ. ಉಳಿದದ್ದು ನೀರಿನಲ್ಲಿ ಕರಗುವ ಗುಣದ್ದು, ಹಾಗಾಗಿ ತೊಳೆದಾಗ ಒಂದಿಷ್ಟು, ಬಸಿದಾಗ ಮತ್ತೊಂದಿಷ್ಟು ಹೋಗುತ್ತದೆ. ನಮ್ಮ ದೇಹ ಇದನ್ನು ಕೆಲವು ವಾರಗಳಿಗಿಂತ ಜಾಸ್ತಿ ದಿನ ಕೂಡಿಡುವುದಿಲ್ಲ. ತಾಯಿಗೆ ಸಾಕಷ್ಟು ಸಿಗದಿದ್ದರೆ ಎದೆಹಾಲಿನಲ್ಲೂ ಸಾಕಷ್ಟು ಇರುವುದಿಲ್ಲ. ಬರೀ ಎದೆಹಾಲು ಕುಡಿಯುವ ಕೂಸಿಗೆ ಬೇರೆ ದಾರಿ ಎಲ್ಲಿದೆ?

ನಾನು ಕೆಲಸದಲ್ಲಿದ್ದಾಗ ಕಂಡ ಒಂದು ಕೂಸು ಇನ್ನೂ ಕಣ್ಣ ಮುಂದಿದೆ. ಮೂರು ತಿಂಗಳು, ಗುಂಡುಗುಂಡಾಗಿತ್ತು. ಒಂದು ಬೆಳಿಗ್ಗೆ ಮೊಲೆ ಬಿಟ್ಟಿತು. ಏದುಸಿರು. ಅಳಲು ಬಾಯಿ ತೆರೆಯುತ್ತಿತ್ತು, ದನಿಯೇ ಬರುತ್ತಿರಲಿಲ್ಲ. ನಿಮೋನಿಯಾ ಅಂದುಕೊಂಡೆವು. ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿತು. ಅದು ಬಿ1 ಕೊರತೆಯೇ ಆಗಿತ್ತು ಎಂದು ಈಗ ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಮಕ್ಕಳ ಹೃದಯ ತಜ್ಞರು ಪ್ರಕಟಿಸಿದ ಅಧ್ಯಯನದ ವಿಷಯ ತಿಳಿದಾಗ ಆ ರಾತ್ರಿ ನಿದ್ದೆ ಬರಲಿಲ್ಲ. ಬರೀ ಎದೆಹಾಲು ಕುಡಿಯುತ್ತಿದ್ದ ಪುಟ್ಟ ಮಕ್ಕಳು, ಶ್ವಾಸಕೋಶದ ರಕ್ತನಾಳಗಳಲ್ಲಿ ವಿಪರೀತ ಒತ್ತಡ, ಸೋಲುತ್ತಿರುವ ಹೃದಯ. ತಾಯಂದಿರದು ಪಾಲಿಶ್ ಅಕ್ಕಿಯ ಪಥ್ಯದ ಊಟ. ಥಯಾಮಿನ್ ಕೊಟ್ಟ ಮೇಲೆ ಹೆಚ್ಚಿನ ಮಕ್ಕಳು ಬೇಗ ಚೇತರಿಸಿಕೊಂಡರು.

ಇದು ಹೊಸ ಜ್ಞಾನವೂ ಅಲ್ಲ. 1890ರ ಸುಮಾರಿಗೆ ಜಾವಾದ ಬಟಾವಿಯಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಕಾಲು ಸೋತು ಬೀಳುತ್ತಿದ್ದ ಕೋಳಿಗಳನ್ನು ನೋಡಿದರು. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ಅವುಗಳ ಆಹಾರವಾಗಿತ್ತು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡುವುದಿಲ್ಲ ಅಂದ. ತೌಡು ಪೂರ್ತಿ ತೆಗೆಯದ ಅಕ್ಕಿ ತಿಂದ ಕೋಳಿಗಳು ಎದ್ದು ನಿಂತವು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಬಿ1 ಕೊರತೆಯಿಂದ ಬರುವ ಈ ರೋಗಕ್ಕೆ ಬೆರಿಬೆರಿ ಅಂತ ಹೆಸರು. ನಮ್ಮಲ್ಲೂ ಇದರ ಅಧ್ಯಯನಕ್ಕೆಂದು 1918ರಲ್ಲಿ ಕೂನೂರಿನ ಒಂದು ಕೋಣೆಯಲ್ಲಿ ಶುರುವಾದ ಪ್ರಯೋಗಾಲಯವೇ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯಾಯಿತು. ಆ ಸಂಸ್ಥೆಯ 2017ರ ಪಟ್ಟಿ ನೋಡಿ: 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಬಿ1 ಸುಮಾರು 0.05 ಮಿಲಿಗ್ರಾಂ. ರಾಗಿಯಲ್ಲಿ 0.37. ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಕುಚ್ಚಲಕ್ಕಿಯಲ್ಲಿ 0.17, ಯಾಕೆಂದರೆ ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಸತ್ವ ಕಾಳಿನ ಒಳಗೆ ಇಳಿಯುತ್ತದೆ. ಕರಾವಳಿಯವರ ಗಂಜಿಯೂಟಕ್ಕೆ ನಾನು ಕೈಮುಗಿಯುತ್ತೇನೆ.

ಬಾಣಂತನದ ಪದ್ಧತಿಯನ್ನೇ ಬಿಡಿ ಅನ್ನುತ್ತಿಲ್ಲ. ವಿಶ್ರಾಂತಿ, ಎಣ್ಣೆ ನೀರು, ಬೆಚ್ಚಗೆ ನೋಡಿಕೊಳ್ಳುವುದು ಎಲ್ಲ ಇರಲಿ. ಊಟವನ್ನು ಮಾತ್ರ ಕಟ್ಟಬೇಡಿ. ಮುದ್ದೆ ಭಾರ ಅನ್ನಿಸಿದರೆ ರಾಗಿ ಗಂಜಿ ಕೊಡಿ. ಸಾರಿಗೆ ಒಂದು ಹಿಡಿ ಬೇಳೆ ಹಾಕಿ. ಅಕ್ಕಿಯನ್ನು ಹಗುರಾಗಿ ಒಂದೆರಡು ಸಲ ತೊಳೆದರೆ ಸಾಕು, ಬಸಿಯಬೇಡಿ. ಮಗು ಹಾಲು ಬಿಟ್ಟು ಏದುಸಿರು ಬಿಟ್ಟರೆ, ದನಿ ಕಟ್ಟಿದರೆ, ದೃಷ್ಟಿ ತೆಗೆಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ತಾಯಿ ಏನು ಊಟ ಮಾಡುತ್ತಿದ್ದಾಳೆ ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಆರೋಗ್ಯ ಇಲಾಖೆಗೂ ಒಂದು ಮಾತು. ಬಸುರಿ ಬಾಣಂತಿಯರಿಗೆ ಕೊಡುವ ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಇವೆ. ಸಾರವರ್ಧಿತ ಅಕ್ಕಿಗೆ, ಅಂದರೆ ಪೋಷಕಾಂಶ ಬೆರೆಸಿದ ಅಕ್ಕಿಗೆ, ಇವೆರಡರ ಜೊತೆ ಬಿ12 ಸೇರಿಸುವುದು ಕಡ್ಡಾಯ. ಬಿ1 ಕಡ್ಡಾಯವಲ್ಲ, ಸೇರಿಸಿದರೆ ಸೇರಿಸಬಹುದು ಅಷ್ಟೇ. ಪಾಲಿಶ್ ಅಕ್ಕಿಯನ್ನೇ ಹಂಚುವಾಗ ಅದನ್ನೂ ಸೇರಿಸಬೇಕಲ್ವಾ? ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆಯರು 42 ದಿನಗಳಲ್ಲಿ ಆರು ಸಲ ಮನೆಗೆ ಹೋಗುತ್ತಾರೆ. ಮಗುವಿನ ತೂಕ ನೋಡುವ ಹಾಗೆಯೇ ತಾಯಿಯ ತಟ್ಟೆಯನ್ನೂ ನೋಡಿ ಅಂತ ಅವರಿಗೆ ತಿಳಿಸಿ. ಮಾತಾಡುವಾಗ ಬಾಣಂತಿಯ ಜೊತೆಗಲ್ಲ, ಅಜ್ಜಿಯ ಜೊತೆ ಕೂತು ಮಾತಾಡಬೇಕು. ನಮ್ಮ ಬೀದಿಯ ಅಜ್ಜಿ ಒಂದು ಗಂಟೆ ವಾದ ಮಾಡಿದರು. ಮರುದಿನ ಬೆಳಿಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯಬೇಕೋ ಬೇಡವೋ ಅಂತ ಕೇಳಲು ಅವರೇ ನಮ್ಮ ಮನೆಗೆ ಬಂದರು.

ಇತಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಚಳ್ಳಕೆರೆ ತಾಲ್ಲೂಕು