ಬಿಡುಗಡೆ ದಿನಾಂಕ ಸರಿ, ಸಿನಿಮಾ ಎಲ್ಲಿಗೆ ಬಂದಿದೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಈ ವರ್ಷದ ಉಳಿದ ತಿಂಗಳುಗಳಲ್ಲಿ ತೆರೆಗೆ ಬರಲಿರುವ ದೊಡ್ಡ ಸಿನಿಮಾಗಳ ಪಟ್ಟಿಯನ್ನು ನಿಮ್ಮ ಸಿನಿಮಾ ಪುರವಣಿಯಲ್ಲಿ ಓದಿದೆ. ಪೋಸ್ಟರ್‌ಗಳು ಚೆನ್ನಾಗಿದ್ದವು. ಪ್ರತಿಯೊಂದರ ಕೆಳಗೆ ಒಂದು ದಿನಾಂಕ, ನಾಯಕನ ಹೆಸರು, ಭಾರಿ ನಿರೀಕ್ಷೆ ಮೂಡಿಸಿದೆ ಅನ್ನುವ ಒಂದು ಸಾಲು. ಅಷ್ಟೇ. ನಿರ್ಮಾಪಕರು ಏನು ಹೇಳಬೇಕು ಅಂದುಕೊಂಡಿದ್ದರೋ ಅದು ನಮಗೆ ತಲುಪಿತು. ಆದರೆ ಅದನ್ನು ಅವರೇ ದಿನಾ ಹೇಳುತ್ತಿರುತ್ತಾರೆ, ಅಲ್ವಾ? ಅದಕ್ಕೆ ಪತ್ರಿಕೆ ಯಾಕೆ ಬೇಕು?

ನನ್ನ ತಕರಾರು ಬಿಡುಗಡೆ ದಿನಾಂಕದ ಬಗ್ಗೆ. ಅದನ್ನು ನೀವು ಖಚಿತ ಸುದ್ದಿಯ ಹಾಗೆ ಅಚ್ಚು ಹಾಕುತ್ತೀರಿ. ದೊಡ್ಡ ಸಿನಿಮಾಗಳ ಲೋಕದಲ್ಲಿ ದಿನಾಂಕ ಅನ್ನುವುದು ಕಿಟಕಿಯಿಂದ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಮನುಷ್ಯ ಇನ್ನೂ ಹತ್ತಿರುವುದಿಲ್ಲ, ಜಾಗ ಮಾತ್ರ ಹಿಡಿದಾಗಿರುತ್ತದೆ. ಹಾಲಿವುಡ್ ಸ್ಟುಡಿಯೋಗಳಂತೂ ಇನ್ನೂ ಹೆಸರಿಡದ ಸಿನಿಮಾಗಳಿಗೂ ವರ್ಷಗಳ ಮೊದಲೇ ಒಂದೊಂದು ಶುಕ್ರವಾರ ಹಿಡಿದಿಡುತ್ತವೆ. ಹೆಸರಿಲ್ಲದ ಮಾರ್ವೆಲ್ ಸಿನಿಮಾ, ಹೆಸರಿಲ್ಲದ ಡಿಸ್ನಿ ಸಿನಿಮಾ ಅಂತಲೇ ಅವರ ಕ್ಯಾಲೆಂಡರ್‌ನಲ್ಲಿ ಬರೆದಿರುತ್ತದೆ. ಕಥೆ, ನಿರ್ದೇಶಕ, ನಟರು ಎಲ್ಲ ಆಮೇಲೆ.

ನಿಮ್ಮ ಪಟ್ಟಿಯಲ್ಲಿ ದೊಡ್ಡ ಜಾಗ ಸಿಕ್ಕಿರುವ ‘ಅವೆಂಜರ್ಸ್: ಡೂಮ್ಸ್‌ಡೇ’ಯನ್ನೇ ತೆಗೆದುಕೊಳ್ಳಿ. 2022ರ ಜುಲೈನಲ್ಲಿ ಸ್ಯಾನ್ ಡಿಯಾಗೋದ ಕಾಮಿಕ್‌ಕಾನ್ ಅನ್ನುವ ಅಭಿಮಾನಿಗಳ ಸಮಾವೇಶದಲ್ಲಿ ಮಾರ್ವೆಲ್‌ನವರು ‘ಕ್ಯಾಂಗ್ ಡೈನಾಸ್ಟಿ’ ಅನ್ನುವ ಅವೆಂಜರ್ಸ್ ಸಿನಿಮಾ ಘೋಷಿಸಿದರು. 2025ರ ಮೇ 2ಕ್ಕೆ ಬಿಡುಗಡೆ ಅಂದರು. ಕಥೆ ಬರೆಯುವವರು ಯಾರು ಅಂತ ಆಗ ಹೊರಗೆ ಗೊತ್ತಿರಲಿಲ್ಲ, ದಿನಾಂಕ ಮಾತ್ರ ಪಕ್ಕಾ! ಆಮೇಲೆ ಅದು 2026ರ ಮೇ 1ಕ್ಕೆ ಹೋಯಿತು. ನಿರ್ದೇಶಕರು ಹೊರಬಂದರು. 2024ರ ಜುಲೈನಲ್ಲಿ ಅದೇ ಕಾಮಿಕ್‌ಕಾನ್‌ನಲ್ಲಿ ಸಿನಿಮಾದ ಹೆಸರೇ ಬದಲಾಯಿತು. ಖಳನಾಯಕನೂ ಬದಲಾದ, ಹಿಂದಿನ ಅವೆಂಜರ್ಸ್ ಸಿನಿಮಾ ತೆಗೆದಿದ್ದ ರುಸ್ಸೋ ಸಹೋದರರು ಮತ್ತೆ ನಿರ್ದೇಶನಕ್ಕೆ ಬಂದರು, ಐರನ್ ಮ್ಯಾನ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಈಗ ಆ ಹೊಸ ಖಳನಾಯಕ ಡಾಕ್ಟರ್ ಡೂಮ್ ಅಂತ ಹೇಳಿದರು. ಮರುವರ್ಷ ದಿನಾಂಕ ಮತ್ತೆ ಜರುಗಿ 2026ರ ಡಿಸೆಂಬರ್ 18ಕ್ಕೆ ಬಂದು ಕೂತಿದೆ. 2022ರಲ್ಲಿ ಮುಂಬರುವ ಸಿನಿಮಾಗಳು ಅಂತ ಪಟ್ಟಿ ಮಾಡಿದ ಪತ್ರಿಕೆಗಳೆಲ್ಲ ಆ ಹೆಸರಿನಲ್ಲಿ, ಆ ಕಥೆಯಲ್ಲಿ ಯಾವತ್ತೂ ಬರದ ಒಂದು ಸಿನಿಮಾಕ್ಕೆ ಓದುಗರನ್ನು ಕಾಯಿಸಿದವು.

ಮಾರ್ವೆಲ್‌ನವರದೇ ‘ಬ್ಲೇಡ್’ ಕತೆ ಇನ್ನೂ ಮಜವಾಗಿದೆ. 2019ರಲ್ಲಿ ನಟ ಮಹೇರ್ಷಲಾ ಅಲಿ ಅವರನ್ನು ವೇದಿಕೆಗೆ ಕರೆದು ಘೋಷಿಸಿದ ಸಿನಿಮಾ ಅದು. ಮೊದಲು 2023ರ ನವೆಂಬರ್ ಅಂದರು, ಆಮೇಲೆ 2024ರ ಸೆಪ್ಟೆಂಬರ್, ಆಮೇಲೆ 2025ರ ಫೆಬ್ರವರಿ, ಆಮೇಲೆ 2025ರ ನವೆಂಬರ್. ಕೊನೆಗೆ 2024ರ ಅಕ್ಟೋಬರ್‌ನಲ್ಲಿ ಕ್ಯಾಲೆಂಡರ್‌ನಿಂದಲೇ ತೆಗೆದುಹಾಕಿದರು. ಪ್ರತಿ ಸಲವೂ ದಿನಾಂಕ ದೊಡ್ಡ ಸುದ್ದಿ. ತೆಗೆದುಹಾಕಿದ್ದು ಮಾತ್ರ ಒಂದು ಮೂಲೆಯಲ್ಲಿ.

ಇಷ್ಟೆಲ್ಲ ಜಗ್ಗಾಟ ಯಾಕೆ ಅಂದರೆ ದುಡ್ಡಿನ ದೊಡ್ಡ ಪಾಲು ಬರುವುದು ಮೊದಲ ಮೂರ್ನಾಲ್ಕು ದಿನದಲ್ಲಿ. 2019ರಲ್ಲಿ ಬಂದ ‘ಅವೆಂಜರ್ಸ್: ಎಂಡ್‌ಗೇಮ್’ ಲೋಕದಾದ್ಯಂತ ಮೊದಲ ವಾರಾಂತ್ಯಕ್ಕೇ 120 ಕೋಟಿ ಡಾಲರ್ ದಾಟಿತು, ಒಟ್ಟು ಗಳಿಕೆ ಸುಮಾರು 280 ಕೋಟಿ ಡಾಲರ್. ಅಂದರೆ ಹತ್ತಿರ ಹತ್ತಿರ ಅರ್ಧ ಹಣ ಒಂದೇ ವಾರಾಂತ್ಯದಲ್ಲಿ! ಒಂದು ಕಾಲದಲ್ಲಿ ದೊಡ್ಡ ಸಿನಿಮಾ ಅಂದರೆ ಕೆಲವೇ ನಗರಗಳಲ್ಲಿ ಶುರುವಾಗಿ, ಜನರ ಬಾಯಿಂದ ಬಾಯಿಗೆ ಹೋಗಿ, ನಿಧಾನವಾಗಿ ಹಬ್ಬುತ್ತಿತ್ತು. 1975ರ ಜೂನ್‌ನಲ್ಲಿ ‘ಜಾಸ್’ ಒಂದೇ ದಿನ 400ಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ, ಟಿವಿಯಲ್ಲಿ ಜೋರು ಜಾಹೀರಾತು ಕೊಟ್ಟು ಬಿಡುಗಡೆಯಾಯಿತು. ಅದು ಗೆದ್ದ ಮೇಲೆ ಎಲ್ಲರೂ ಆ ದಾರಿಯನ್ನೇ ಹಿಡಿದರು. ಈಗ ಅಮೆರಿಕದಲ್ಲಿ 4,000 ಥಿಯೇಟರ್ ಅನ್ನುವುದು ಮಾಮೂಲಿ. ಹಾಗಾಗಿ ಎದುರಾಳಿ ಇಲ್ಲದ ಒಂದು ಒಳ್ಳೆಯ ಶುಕ್ರವಾರ ಹಿಡಿಯುವುದು ಅವರಿಗೆ ಸಿನಿಮಾ ಮಾಡುವುದಕ್ಕಿಂತ ಮೊದಲ ಕೆಲಸ. ಅದು ಅವರ ವ್ಯಾಪಾರ, ಮಾಡಿಕೊಳ್ಳಲಿ. ಆದರೆ ಅವರ ವ್ಯಾಪಾರದ ಲೆಕ್ಕಾಚಾರ ನಮ್ಮ ಪತ್ರಿಕೆಯಲ್ಲಿ ಸುಮ್ನೆ ಹಾಗೇ ಅಚ್ಚಾಗಬೇಕಾ?

ಸಿನಿಮಾ ಸಿದ್ಧವಾಗಿಲ್ಲ ಅಂತ ಮುಂದೆ ಹೋಗುವುದು ಒಂದು ಬಗೆ. ಸಿದ್ಧವಾಗಿದ್ದರೂ ಮುಂದೆ ಹೋಗುವುದು ಇನ್ನೊಂದು ಬಗೆ, ಇದನ್ನು ಯಾರೂ ಬಿಡಿಸಿ ಬರೆಯುವುದಿಲ್ಲ. 2023ರಲ್ಲಿ ಅಮೆರಿಕದ ಬರಹಗಾರರು ಮೇ ತಿಂಗಳಲ್ಲಿ, ನಟರು ಜುಲೈನಲ್ಲಿ ಮುಷ್ಕರಕ್ಕೆ ಇಳಿದರಲ್ಲ, ಆಗ ‘ಡ್ಯೂನ್’ ಎರಡನೇ ಭಾಗದ ಶೂಟಿಂಗ್ ಮುಗಿದು ತಿಂಗಳುಗಳೇ ಆಗಿದ್ದವು, ನವೆಂಬರ್ ಬಿಡುಗಡೆಗೆ ಟ್ರೇಲರ್ ಕೂಡ ಬಂದಿತ್ತು. ಆದರೂ ಅದು 2024ರ ಮಾರ್ಚ್‌ಗೆ ಹೋಯಿತು. ಮುಷ್ಕರದ ನಿಯಮದ ಪ್ರಕಾರ ನಟರು ಪ್ರಚಾರಕ್ಕೆ ಬರುವ ಹಾಗಿರಲಿಲ್ಲ, ಅಷ್ಟು ತಾರೆಯರಿರುವ ಸಿನಿಮಾವನ್ನು ಅವರಿಲ್ಲದೆ ಬಿಡಲು ಸ್ಟುಡಿಯೋಗೆ ಧೈರ್ಯ ಬರಲಿಲ್ಲ. ಕೊರೋನಾ ಕಾಲದ್ದು ಎಲ್ಲರಿಗೂ ಗೊತ್ತು. ನಮ್ಮ ‘ಕೆಜಿಎಫ್’ ಎರಡನೇ ಭಾಗ 2020ರ ಅಕ್ಟೋಬರ್‌ನಿಂದ 2021ರ ಜುಲೈಗೆ, ಅಲ್ಲಿಂದ 2022ರ ಏಪ್ರಿಲ್‌ಗೆ ಹೋಯಿತು. ಆ ಕಾಲದಲ್ಲಿ ಯಾರನ್ನೂ ದೂರುವ ಹಾಗಿರಲಿಲ್ಲ ಬಿಡಿ.

ಹಾಗಾದರೆ ಶೂಟಿಂಗ್ ಮುಗಿದ ಸಿನಿಮಾ ಬಂದೇ ಬರುತ್ತದಾ? ಅದೂ ಇಲ್ಲ. ‘ಬ್ಯಾಟ್‌ಗರ್ಲ್’ ಶೂಟಿಂಗ್ ಮುಗಿಸಿ ಎಡಿಟಿಂಗ್ ಹಂತದಲ್ಲಿತ್ತು, ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತು. 2022ರ ಆಗಸ್ಟ್‌ನಲ್ಲಿ ಅದನ್ನು ಬಿಡುಗಡೆ ಮಾಡುವುದೇ ಇಲ್ಲ ಅಂತ ವಾರ್ನರ್ ಸಂಸ್ಥೆ ತೀರ್ಮಾನಿಸಿತು. ‘ಕೊಯೋಟಿ ವರ್ಸಸ್ ಆಕ್ಮೆ’ ಅಂತ ಇನ್ನೊಂದಿದೆ. ಓಡುವ ಹಕ್ಕಿಯನ್ನು ಹಿಡಿಯಲು ಹೋಗಿ ಪ್ರತಿ ಸಲ ಪ್ರಪಾತಕ್ಕೆ ಬೀಳುವ, ತೋಳದ ಹಾಗಿರುವ ಕಾರ್ಟೂನ್ ಕೊಯೋಟಿ ನೆನಪಿದೆಯಲ್ಲ, ಅದೇ ಕೊಯೋಟಿ ತನಗೆ ಕೆಟ್ಟ ಸಾಮಾನು ಮಾರಿದ ಕಂಪನಿ ಮೇಲೆ ಕೇಸ್ ಹಾಕುವ ಕತೆ. 2023ರ ಜುಲೈ 21ಕ್ಕೆ ಬರಬೇಕಿತ್ತು. ಆ ಶುಕ್ರವಾರವನ್ನು ಅದೇ ಸ್ಟುಡಿಯೋ ‘ಬಾರ್ಬಿ’ಗೆ ಕೊಟ್ಟಿತು. ಸಿನಿಮಾ ಮುಗಿದ ಮೇಲೆ, 2023ರ ನವೆಂಬರ್‌ನಲ್ಲಿ, ಮೂಲೆಗೆ ಹಾಕಿದರು. ಜನ ಬೈದರು, ಸಿನಿಮಾದವರು ಬೈದರು. 2025ರಲ್ಲಿ ಕೆಚಪ್ ಎಂಟರ್‌ಟೈನ್‌ಮೆಂಟ್ ಅನ್ನುವ ಚಿಕ್ಕ ಸಂಸ್ಥೆ ಕೊಂಡುಕೊಂಡು 2026ರ ಆಗಸ್ಟ್ 28 ಅಂತ ದಿನಾಂಕ ಘೋಷಿಸಿತು. ನಾನು ಈ ವರ್ಷ ನಿಜವಾಗಿ ಕಾಯುತ್ತಿರುವುದು ಇದಕ್ಕೆ. ನಿಮ್ಮ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಇರಲಿ.

ಈಗ ಡಿಸೆಂಬರ್ 18ರ ವಿಷಯಕ್ಕೆ ಬರೋಣ. ಇದುವರೆಗಿನ ಘೋಷಣೆ ಪ್ರಕಾರ ‘ಡೂಮ್ಸ್‌ಡೇ’ ಮತ್ತು ‘ಡ್ಯೂನ್: ಪಾರ್ಟ್ ತ್ರೀ’ ಎರಡೂ ಅದೇ ದಿನ. ನೀವು ಎರಡು ಪೋಸ್ಟರ್ ಅಕ್ಕಪಕ್ಕ ಹಾಕಿ ಮಹಾ ಕದನ ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಕದನ ಏನೋ ಸರಿ, ಯಾವುದಕ್ಕಾಗಿ ಕದನ ಅಂತ ಹೇಳಬೇಕಿತ್ತು. 2023ರ ಜುಲೈ 21ರಂದು ‘ಬಾರ್ಬಿ’ ಮತ್ತು ‘ಓಪನ್‌ಹೈಮರ್’ ಒಟ್ಟಿಗೆ ಬಂದು ಎರಡೂ ಗೆದ್ದವು, ಈಗಲೂ ಹಾಗೇ ಆಗುತ್ತದೆ ಅನ್ನುವ ಮಾತು ಎಲ್ಲ ಕಡೆ ಇದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಗುಲಾಬಿ ಬಣ್ಣದ ಗೊಂಬೆ ಸಿನಿಮಾಕ್ಕೂ ಅಣುಬಾಂಬ್ ವಿಜ್ಞಾನಿಯ ಸಿನಿಮಾಕ್ಕೂ ಏನೇನೂ ಸಂಬಂಧ ಇರಲಿಲ್ಲ, ಆ ವ್ಯತ್ಯಾಸವೇ ತಮಾಷೆಯಾಗಿ ಜನ ಒಂದೇ ದಿನ ಎರಡನ್ನೂ ನೋಡಿದರು. ಡಿಸೆಂಬರ್‌ನ ಎರಡು ಸಿನಿಮಾಗಳು ಕರೆಯುವುದು ಹೆಚ್ಚು ಕಡಿಮೆ ಒಂದೇ ಗುಂಪಿನ ಪ್ರೇಕ್ಷಕರನ್ನು. ಎರಡಕ್ಕೂ ಬೇಕಾಗಿರುವುದು ಅದೇ ದೊಡ್ಡ ಪರದೆ. ಇನ್ನೂ ತಮಾಷೆ ಅಂದರೆ ನಟಿ ಫ್ಲಾರೆನ್ಸ್ ಪ್ಯೂ ಎರಡರಲ್ಲೂ ಇದ್ದಾರೆ. ಆ ವಾರ ಅವರು ಯಾವ ಸಿನಿಮಾದ ಪ್ರಚಾರಕ್ಕೆ ಹೋಗುತ್ತಾರೋ!

ದೊಡ್ಡ ಪರದೆ ಅಂದೆನಲ್ಲ, ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸುದ್ದಿ ಅಲ್ಲೇ ಇರುವುದು. ಐಮ್ಯಾಕ್ಸ್ ಅನ್ನುವ ಆ ದೈತ್ಯ ಪರದೆಗಳು ಲೋಕದಲ್ಲೆಲ್ಲ ಸೇರಿದರೂ ಸಾಮಾನ್ಯ ಪರದೆಗಳ ಮುಂದೆ ತೀರಾ ಕಡಿಮೆ. 2023ರ ಜುಲೈ 12ಕ್ಕೆ ಟಾಮ್ ಕ್ರೂಸ್ ಅವರ ‘ಮಿಷನ್ ಇಂಪಾಸಿಬಲ್’ ಸರಣಿಯ ಸಿನಿಮಾ ಬಂತು, ಒಂದು ವಾರ ಕಳೆಯುವಷ್ಟರಲ್ಲಿ ಐಮ್ಯಾಕ್ಸ್ ಪರದೆಗಳು ‘ಓಪನ್‌ಹೈಮರ್’ ಪಾಲಾದವು. ನೋಡಿದವರು ಚೆನ್ನಾಗಿದೆ ಅಂದರೂ ದೊಡ್ಡ ಪರದೆಯಲ್ಲಿ ನೋಡಲು ಕಾದಿದ್ದವರಿಗೆ ಸಿಕ್ಕಿದ್ದು ಒಂದೇ ವಾರ. ಅದರಲ್ಲೂ 70 ಎಂಎಂ ಐಮ್ಯಾಕ್ಸ್ ಫಿಲ್ಮ್‌ನಲ್ಲಿ ‘ಓಪನ್‌ಹೈಮರ್’ ನಡೆದದ್ದು ಇಡೀ ಲೋಕದಲ್ಲಿ 30 ಥಿಯೇಟರ್‌ಗಳಲ್ಲಿ. ಒಂದು ಪ್ರಿಂಟ್ ಸುಮಾರು 18 ಕಿಲೋಮೀಟರ್ ಉದ್ದ, ಸುಮಾರು 270 ಕಿಲೋ ತೂಕ. ಅದೇ ‘ಓಪನ್‌ಹೈಮರ್’ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಅವರ ‘ದಿ ಒಡಿಸ್ಸಿ’ಗೆ 2026ರ ಜುಲೈ 17 ಅಂತ ದಿನಾಂಕ ಕೊಟ್ಟು, ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲೇ ಕೆಲವು ಐಮ್ಯಾಕ್ಸ್ ಥಿಯೇಟರ್‌ಗಳಲ್ಲಿ ಟಿಕೆಟ್ ಮಾರಿದರು. ಪೂರ್ತಿ ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದ ಸಿನಿಮಾ ಅದು ಅನ್ನುವುದು ಅದರ ಹೆಗ್ಗಳಿಕೆ. ಇಂಥ ಸಿನಿಮಾವನ್ನು ಎಲ್ಲಿ, ಯಾವ ಪರದೆಯಲ್ಲಿ ನೋಡುತ್ತೀವಿ ಅನ್ನುವುದರ ಮೇಲೆ ಅನುಭವವೇ ಬದಲಾಗುತ್ತದೆ. ಡಿಸೆಂಬರ್ 18ಕ್ಕೆ ದೊಡ್ಡ ಪರದೆ ಯಾವ ಸಿನಿಮಾಕ್ಕೆ, ಎಷ್ಟು ವಾರಕ್ಕೆ ಅಂತ ಒಂದು ಸಾಲು ಬರೆದಿದ್ದರೆ ನಿಮ್ಮ ಅರ್ಧ ಪುಟದ ಪೋಸ್ಟರ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತಿತ್ತು.

ಇನ್ನು ನಮ್ಮ ದೇಶದ ‘ರಾಮಾಯಣ’ ಸಿನಿಮಾದ ಮೊದಲ ಭಾಗದವರು ದೀಪಾವಳಿ 2026 ಅಂತ ಘೋಷಿಸಿದಾಗ ದಿನಾಂಕ ಹೇಳದೆ ಹಬ್ಬ ಮಾತ್ರ ಹೇಳಿದ್ದರು. ಗ್ರಾಫಿಕ್ಸ್ ಕೆಲಸ ಅಷ್ಟಿರುವಾಗ ಅದೇ ಸರಿ ಅನ್ನಿಸಿತು. ಯಶ್ ರಾವಣನಾಗಿ ಹೇಗೆ ಕಾಣುತ್ತಾರೆ ಅನ್ನುವ ಕುತೂಹಲ ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಎರಡನೇ ಭಾಗಕ್ಕೆ 2027ರ ದೀಪಾವಳಿ ಅಂದಿದ್ದಾರೆ. ಮೊದಲ ಭಾಗ ಕತೆಯನ್ನು ಎಲ್ಲಿ ನಿಲ್ಲಿಸಬಹುದು ಅಂತ ನಿಮ್ಮ ವರದಿಗಾರರು ಕೇಳಬಹುದಿತ್ತು. ಅರ್ಧ ಸಿನಿಮಾವನ್ನು ಪೂರ್ತಿ ಸಿನಿಮಾ ಅಂದುಕೊಂಡು ಹೋಗಿ ಕೊನೆಗೆ ಮುಂದುವರಿಯುವುದು ಅಂತ ನೋಡಿ ಸಿಟ್ಟಾಗುವುದು ಈಚೆಗೆ ಜಾಸ್ತಿಯಾಗಿದೆ.

ಇನ್ನೊಂದು ವಿಷಯ. ಇಂಥ ಪಟ್ಟಿಗಳಲ್ಲಿ ಹೆಚ್ಚಿನವು ಎರಡನೇ ಭಾಗ, ಮೂರನೇ ಭಾಗ, ಐದನೇ ಭಾಗ. ಹಳೆಯ ಹೆಸರು ಇದ್ದರೆ ಮಾತ್ರ ನಿರೀಕ್ಷೆ ಅಂತ ಲೆಕ್ಕ. ಆದರೆ ನಿಜವಾಗಿ ಜನ ಮುಗಿಬಿದ್ದು ನೋಡಿದ ಸಿನಿಮಾಗಳಲ್ಲಿ ಎಷ್ಟೋ ಯಾರ ಪಟ್ಟಿಯಲ್ಲೂ ಇರಲಿಲ್ಲ. 2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಕನ್ನಡದಲ್ಲಿ ಮಾತ್ರ ಬಂತು. ಗೆದ್ದ ಮೇಲೆ ಬೇರೆ ಭಾಷೆಗಳಿಗೆ ಡಬ್ ಆಯಿತು. ಆ ವರ್ಷದ ಜನವರಿಯಲ್ಲಿ ದೇಶವೇ ಕಾಯುತ್ತಿರುವ ಸಿನಿಮಾ ಅಂತ ಅದನ್ನು ಯಾರು ಬರೆದಿದ್ದರು? ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’ ಹಾಲಿವುಡ್ ಖರ್ಚಿನ ಚಿಕ್ಕ ಪಾಲಿನಲ್ಲಿ ತಯಾರಾಗಿ 2024ರಲ್ಲಿ ಗ್ರಾಫಿಕ್ಸ್‌ಗೆ ಆಸ್ಕರ್ ಹೊಡೆಯಿತು. 2025ರ ಜನವರಿ ಕೊನೆಗೆ ಚೀನಾದಲ್ಲಿ ಬಂದ ‘ನೇ ಝಾ 2’ 200 ಕೋಟಿ ಡಾಲರ್ ದಾಟಿ, ಅನಿಮೇಷನ್ ಸಿನಿಮಾಗಳಲ್ಲಿ ಲೋಕದಲ್ಲೇ ಜಾಸ್ತಿ ಗಳಿಸಿದ್ದಾಯಿತು. ಅದೂ ಎರಡನೇ ಭಾಗವೇ, ನಿಜ. ಆದರೆ ಚೀನಾದ ಹೊರಗೆ ವರ್ಷದ ಶುರುವಿನ ಪಟ್ಟಿಗಳಲ್ಲಿ ಅದಕ್ಕೆ ಎಲ್ಲಿ ಜಾಗ ಇತ್ತು? ನಾವು ಯಾವುದಕ್ಕೆ ಕಾಯುತ್ತಿದ್ದೇವೆ ಅಂತ ತೀರ್ಮಾನಿಸುವವರು ಪ್ರಚಾರಕ್ಕೆ ಜಾಸ್ತಿ ದುಡ್ಡಿರುವವರು. ಪತ್ರಿಕೆಯಾದರೂ ಸ್ವಲ್ಪ ಆಚೆ ಈಚೆ ನೋಡಬೇಕು.

ಹಾಗಾಗಿ ನನ್ನ ಕೋರಿಕೆ. ಮುಂದಿನ ಸಲ ಪಟ್ಟಿ ಹಾಕುವಾಗ ಪ್ರತಿ ಸಿನಿಮಾದ ಕೆಳಗೆ ಎರಡು ಸಾಲು ಜಾಸ್ತಿ ಬರೆಸಿ. ಶೂಟಿಂಗ್ ಮುಗಿದಿದೆಯೋ ನಡೆಯುತ್ತಿದೆಯೋ, ದಿನಾಂಕ ಇದುವರೆಗೆ ಎಷ್ಟು ಸಲ ಜರುಗಿದೆ, ಕಥೆ ಇಲ್ಲೇ ಮುಗಿಯುತ್ತದೋ ಇನ್ನೊಂದು ಭಾಗ ಇದೆಯೋ, ಕನ್ನಡದಲ್ಲಿ ಡಬ್ ಆಗುತ್ತದೋ ಇಲ್ಲವೋ. ಫೋನ್ ಮಾಡಿ ಕೇಳಿದರೆ ಸಿಗುವ ಮಾಹಿತಿ ಇವು. ಸಿಗದಿದ್ದರೆ ಕೇಳಿದೆವು, ಹೇಳಲಿಲ್ಲ ಅಂತಲೇ ಹಾಕಿ, ಅದೂ ಸುದ್ದಿಯೇ. ಆಗಾಗ ದಿನಾಂಕ ಬದಲಾದಾಗ ಯಾಕೆ ಬದಲಾಯಿತು ಅಂತಲೂ ಬರೆಯಿರಿ. ಗ್ರಾಫಿಕ್ಸ್ ಮುಗಿದಿಲ್ಲ ಅಂತ ಜರುಗಿದ್ದಕ್ಕೂ, ಎದುರಾಳಿಗೆ ಹೆದರಿ ಜರುಗಿದ್ದಕ್ಕೂ, ಮತ್ತೆ ಶೂಟಿಂಗ್ ಮಾಡಬೇಕಾಗಿ ಬಂದು ಜರುಗಿದ್ದಕ್ಕೂ ತುಂಬಾ ವ್ಯತ್ಯಾಸ ಇದೆ. ಅಭಿಮಾನಿಗಳಿಗೆ ಬೇಸರ ಆಗುತ್ತದೆ ಅಂತ ಹೆದರಬೇಡಿ, ಇಂಥ ಲೆಕ್ಕವನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಇಟ್ಟಿರುತ್ತಾರೆ.

ಸಿನಿಮಾದ ಅವಧಿಯನ್ನೂ ಮರೆಯಬೇಡಿ. ‘ಎಂಡ್‌ಗೇಮ್’ 181 ನಿಮಿಷ, ‘ಓಪನ್‌ಹೈಮರ್’ 180, ‘ಅವತಾರ್’ ಎರಡನೆಯದು 192. ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವವರು ಮೊದಲು ಕೇಳುವುದೇ ಇದನ್ನು. ಅದರಲ್ಲಿ ಇನ್ನೊಂದು ಅನುಕೂಲ ಇದೆ. ಎಡಿಟಿಂಗ್ ಹೆಚ್ಚು ಕಡಿಮೆ ಮುಗಿಯದೆ ಅವಧಿ ಇಷ್ಟೇ ನಿಮಿಷ ಅಂತ ಹೇಳಲು ಬರುವುದಿಲ್ಲ. ಅದನ್ನು ನಿಮಿಷದ ಲೆಕ್ಕದಲ್ಲಿ ಹೇಳಿದವರ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಹಾಕಿ, ಮಿಕ್ಕವರದ್ದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ ಅಂತ ನಮಗೆ ಹೇಳಿ.

ಇಂತಿ,
ನಿಮ್ಮ ಓದುಗ